ಸ್ವಿಚ್ ಪೋರ್ಟ್‌ಗಳಲ್ಲಿ ಟ್ರಾನ್ಸ್‌ಮಿಟ್ ಎರರ್ ಏರುತ್ತಲೇ ಇದೆ, ಎಲ್ಲಿಂದ ಹುಡುಕೋದು?

ಪ್ರಶ್ನೆ: ಎಪಿಎಂಸಿ ಯಾರ್ಡ್, ದಾವಣಗೆರೆ

ಮೆಕ್ಕೆಜೋಳದ ಕಮಿಷನ್ ಮಂಡಿ ಕಚೇರಿ, 18 ಕಂಪ್ಯೂಟರ್. 24 ಪೋರ್ಟಿನ ಗಿಗಾಬಿಟ್ ಸ್ವಿಚ್, ಬ್ರೌಸರ್‌ನಲ್ಲಿ ತೆರೆದರೆ ಪೋರ್ಟ್‌ವಾರು ಲೆಕ್ಕ ಸಿಗುತ್ತದೆ. ಟ್ಯಾಲಿ ಆಗಾಗ ನಿಂತು ನಿಂತು ಓಡುತ್ತದೆ ಅಂತ ತೆರೆದು ನೋಡಿದರೆ ಈ ಸ್ಥಿತಿ. 24ನೇ ಪೋರ್ಟಿನಿಂದ ಹಳೇ 10/100 ಮೀಡಿಯಾ ಕನ್ವರ್ಟರ್ (ತಾಮ್ರದ ಕೇಬಲ್ಲನ್ನು ಫೈಬರ್‌ಗೆ ಜೋಡಿಸುವ ಡಬ್ಬಿ), ಅಲ್ಲಿಂದ ಹಿಂದಿನ ಗೋದಾಮಿಗೆ ಫೈಬರ್: ಲೇಟ್ ಕೊಲಿಷನ್ 41,000 ದಾಟಿದೆ. 11ರಲ್ಲಿ ಬ್ಯಾಕಪ್ ತಗೊಳ್ಳುವ ನಾಸ್ (ನೆಟ್‌ವರ್ಕಿನ ಸ್ಟೋರೇಜ್ ಪೆಟ್ಟಿಗೆ): ಸಂಜೆ 7 ಆದ ಕೂಡಲೇ ಔಟ್ ಡಿಸ್ಕಾರ್ಡ್ (ಕಳಿಸಲಾಗದೆ ಬಿಟ್ಟ ಪ್ಯಾಕೆಟ್ ಲೆಕ್ಕ) ಜಿಗಿಯುತ್ತದೆ. 16ರಲ್ಲಿ ಯಜಮಾನರ ಲ್ಯಾಪ್‌ಟಾಪ್ ಡಾಕ್: ಅವರು ಲ್ಯಾಪ್‌ಟಾಪ್ ಕಳಚಿಕೊಂಡು ಮನೆಗೆ ಹೋದ ಮೇಲೆ ರಾತ್ರಿಯಿಡೀ ಡಿಸ್ಕಾರ್ಡ್. 9ರಲ್ಲಿ ವೇಬ್ರಿಡ್ಜ್ ಕಂಪ್ಯೂಟರ್: ಅಲ್ಲೂ ಡಿಸ್ಕಾರ್ಡ್. 5ರಲ್ಲಿ ಪ್ರಿಂಟರ್: ಕಳಿಸುವ ಕಡೆ ಸೊನ್ನೆ, ಬರುವ ಕಡೆ ಎಫ್‌ಸಿಎಸ್ ಎರರ್ (ಹಾಳಾಗಿ ಬಂದ ಡೇಟಾದ ಲೆಕ್ಕ). ಕೇಳಿದವರೆಲ್ಲ ಕೇಬಲ್ ಬದಲಿಸಿ ಅನ್ನುತ್ತಾರೆ. 24ರ ಪ್ಯಾಚ್ ಕಾರ್ಡ್ ಬದಲಿಸಿದ್ದಾಯಿತು, ಫರಕೇನೂ ಇಲ್ಲ. ಸ್ವಿಚ್ಚನ್ನೇ ಬದಲಿಸಬೇಕಾ?

ಉತ್ತರ: ನೆಟ್‌ವರ್ಕ್ ಕೆಲಸ, ಪಿ.ಜೆ. ಬಡಾವಣೆ

ಸ್ವಿಚ್ ಬದಲಿಸಬೇಡಿ ಸರ್, ಕೇಬಲ್ಲೂ ಸದ್ಯಕ್ಕೆ ಬೇಡ. ಕೇಬಲ್ ಕೆಟ್ಟಿದ್ದರೆ ಫ್ರೇಮ್ (ಡೇಟಾದ ಒಂದು ಕಟ್ಟು) ದಾರಿಯಲ್ಲಿ ಹಾಳಾಗುತ್ತದೆ, ಅದು ಗೊತ್ತಾಗೋದು ತಗೊಳ್ಳುವವನಿಗೆ. ಅಂದರೆ ಆ ಎಫ್‌ಸಿಎಸ್ ಲೆಕ್ಕ ಎದುರಿನ ಕಡೆಯ ಆರ್‌ಎಕ್ಸ್‌ನಲ್ಲಿ (ತಗೊಳ್ಳುವ ಲೆಕ್ಕದಲ್ಲಿ) ಬೀಳುತ್ತದೆ, ನಿಮ್ಮ ಸ್ವಿಚ್ಚಿನ ಟಿಎಕ್ಸ್‌ನಲ್ಲಿ (ಕಳಿಸುವ ಲೆಕ್ಕದಲ್ಲಿ) ಅಲ್ಲ. ಟಿಎಕ್ಸ್ ಕಡೆ ಏರುವುದಕ್ಕೆ ಬಹುಪಾಲು ಎರಡೇ ಕಾರಣ: ಒಂದೋ ಎರಡೂ ತುದಿಯ ಡ್ಯುಪ್ಲೆಕ್ಸ್ (ಫುಲ್ ಅಂದರೆ ಕಳಿಸೋದು, ತಗೊಳ್ಳೋದು ಒಟ್ಟಿಗೆ; ಹಾಫ್ ಅಂದರೆ ಒಂದು ಸಲಕ್ಕೆ ಒಂದೇ) ಹೊಂದಿಲ್ಲ, ಇಲ್ಲವೇ ಆ ಪೋರ್ಟಿನ ಬಫರ್ (ಪ್ಯಾಕೆಟ್ ಸರದಿ ಕಾಯುವ ಜಾಗ) ತುಂಬಿ ತುಳುಕುತ್ತಿದೆ. ನಿಮ್ಮ ಐದು ಪೋರ್ಟಿನಲ್ಲಿ ಎರಡೂ ಬಗೆ ಇದೆ.

ಮೊದಲ ಕೆಲಸ: ಈಗಿನ ಲೆಕ್ಕ ಬರೆದಿಟ್ಟುಕೊಂಡು ಕೌಂಟರ್ ಕ್ಲಿಯರ್ ಮಾಡಿ. 41,000 ಅನ್ನೋದು ಸ್ವಿಚ್ ಆನ್ ಆದಾಗಿನಿಂದ ಕೂಡಿದ್ದು, ನಿನ್ನೆಯದೋ ಹೋದ ವರ್ಷದ್ದೋ ಅದರಿಂದ ತಿಳಿಯಲ್ಲ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಪಕ್ಕದಲ್ಲಿ ಅದೇ ಹೊತ್ತಿನ ಒಟ್ಟು ಟಿಎಕ್ಸ್ ಪ್ಯಾಕೆಟ್ ಲೆಕ್ಕವನ್ನೂ ಬರೆದುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಕ್ಲಿಯರ್, ಮತ್ತೆ 15 ನಿಮಿಷ. ಕಮಾಂಡ್ ಲೈನ್ ಇರುವ ಸಿಸ್ಕೋ ಕ್ಯಾಟಲಿಸ್ಟ್ ಥರದ್ದಾದರೆ ‘ಶೋ ಇಂಟರ್‌ಫೇಸಸ್ ಕೌಂಟರ್ಸ್ ಎರರ್ಸ್’ ಕೊಟ್ಟರೆ ಎಲ್ಲ ಪೋರ್ಟೂ ಒಂದೇ ಕಡೆ ಸಿಗುತ್ತವೆ. ಅದರಲ್ಲಿ ಎಕ್ಸ್‌ಮಿಟ್-ಎರರ್ ಅಂತ ಒಂದು ಕಾಲಂ ಇದೆ. ಹೆಸರು ನೋಡಿ ಹಾರ್ಡ್‌ವೇರ್ ಹೋಯಿತು ಅಂದುಕೊಳ್ಳುವವರೇ ಹೆಚ್ಚು. ಅದು ಕಳಿಸುವ ಬಫರ್ ತುಂಬಿತು ಅನ್ನುವ ಲೆಕ್ಕ, ಅಷ್ಟೆ.

24ನೇ ಪೋರ್ಟ್. ಲೇಟ್ ಕೊಲಿಷನ್ ಅಂದರೆ ಫ್ರೇಮಿನ ಮೊದಲ 64 ಬೈಟ್ ಹೊರಟ ಮೇಲೆ, 100 ಎಂಬಿಪಿಎಸ್‌ನಲ್ಲಿ 5.12 ಮೈಕ್ರೋಸೆಕೆಂಡ್ ಕಳೆದ ಮೇಲೆ, ಆದ ಡಿಕ್ಕಿ. ಫುಲ್ ಡ್ಯುಪ್ಲೆಕ್ಸ್‌ನಲ್ಲಿ ಕೊಲಿಷನ್ ಅನ್ನುವುದೇ ಇಲ್ಲ. ಹಾಗಾಗಿ ಇದೊಂದು ಲೆಕ್ಕ ಏರುತ್ತಿದ್ದರೆ ನಿಮ್ಮ ಪೋರ್ಟ್ ಹಾಫ್‌ಗೆ ಇಳಿದಿದೆ ಅಂತಲೇ ಅರ್ಥ. ಸ್ಟೇಟಸ್ ಪೇಜಲ್ಲಿ ‘100 ಹಾಫ್’ ಅಂತ ಇರುತ್ತದೆ, ನೋಡಿ. ಹಳೇ ಕನ್ವರ್ಟರ್‌ಗಳ ಹೊಟ್ಟೆಯಲ್ಲಿ ಪುಟ್ಟ ಡಿಪ್ ಸ್ವಿಚ್ ಇರುತ್ತದೆ, ಹಾಕಿದವರು ಅದನ್ನು 100 ಫುಲ್‌ಗೆ ಬಿಗಿದು ಹೋಗಿರುತ್ತಾರೆ. ಬಿಗಿದ ಮೇಲೆ ಕನ್ವರ್ಟರ್ ಆಟೋ ನೆಗೋಷಿಯೇಷನ್ (ಎರಡೂ ತುದಿ ವೇಗ, ಡ್ಯುಪ್ಲೆಕ್ಸ್ ತಾವೇ ಒಪ್ಪಿಕೊಳ್ಳುವ) ಸಿಗ್ನಲ್ ಕಳಿಸಲ್ಲ. ಆಟೋದಲ್ಲಿರುವ ನಿಮ್ಮ ಪೋರ್ಟ್ ವೇಗವನ್ನು ಮಾತ್ರ ತಾನೇ ಗುರುತಿಸಿಕೊಳ್ಳುತ್ತದೆ, ಡ್ಯುಪ್ಲೆಕ್ಸ್ ತಿಳಿಯದೆ ನಿಯಮದ ಪ್ರಕಾರ ಹಾಫ್ ಹಿಡಿಯುತ್ತದೆ. ಸಾಮಾನ್ಯ ಕೊಲಿಷನ್ ಆದರೆ ಪೋರ್ಟ್ ತಾನೇ 16 ಸಲದವರೆಗೆ ಮತ್ತೆ ಕಳಿಸಲು ನೋಡುತ್ತದೆ. ಲೇಟ್ ಆದರೆ ಫ್ರೇಮನ್ನು ಬಿಟ್ಟೇಬಿಡುತ್ತದೆ, ಕಂಪ್ಯೂಟರಿನ ಟಿಸಿಪಿ (ತಲುಪದ ಡೇಟಾ ಮತ್ತೆ ಕಳಿಸುವ ವ್ಯವಸ್ಥೆ) ಕಾದು ಮತ್ತೆ ಕಳಿಸಬೇಕು. ಟ್ಯಾಲಿ ನಿಲ್ಲುವುದು ಗೋದಾಮಿನ ಕಂಪ್ಯೂಟರ್‌ಗಳಲ್ಲೇ ಹೆಚ್ಚು ಅಂತಾದರೆ ಕಾರಣ ಇದೇ.

ಸರಿಪಡಿಸೋದು: ಕನ್ವರ್ಟರ್ ಆಫ್ ಮಾಡಿ, ಡಿಪ್ ಸ್ವಿಚ್ ಆಟೋಗೆ ಹಾಕಿ, ಆನ್ ಮಾಡಿ. ಗೋದಾಮಿನ ತುದಿಯಲ್ಲೂ ಹಾಗೇ. ಡಿಪ್ ಸ್ವಿಚ್ ಇಲ್ಲದ ಮಾಡೆಲ್ ಆದರೆ ಮಾತ್ರ ಸ್ವಿಚ್ ಪೋರ್ಟನ್ನು 100 ಫುಲ್‌ಗೆ ಬಿಗಿಯಿರಿ. ಆಗ ಕೆಲವು ಸ್ವಿಚ್‌ಗಳಲ್ಲಿ ಆಟೋ ಎಂಡಿಐಎಕ್ಸ್ (ನೇರ ಕೇಬಲ್ಲೋ ಕ್ರಾಸೋ ಅಂತ ತಾನೇ ಹೊಂದಿಸಿಕೊಳ್ಳುವುದು) ಸಹ ಆಫ್ ಆಗುತ್ತದೆ. ಲಿಂಕ್ ಲೈಟೇ ಬರಲಿಲ್ಲ ಅಂದರೆ ಗಾಬರಿ ಬೇಡ, ಕ್ರಾಸ್ ಕೇಬಲ್ ಹಾಕಿ ನೋಡಿ.

5ನೇ ಪೋರ್ಟಿನದು ಇದೇ ಕಾಯಿಲೆ, ತಿರುವುಮುರುವು. ಹಿಂದೆ ಯಾರೋ ಸ್ವಿಚ್ ಕಡೆ 100 ಫುಲ್ ಬಿಗಿದಿರಬೇಕು, ಪ್ರಿಂಟರ್ ಆಟೋದಲ್ಲಿದ್ದು ಹಾಫ್‌ಗೆ ಇಳಿದಿದೆ. ಡಿಕ್ಕಿ ಕಾಣುವುದು ಪ್ರಿಂಟರ್‌ಗೆ, ಅದು ಅರ್ಧಕ್ಕೇ ಬಿಟ್ಟ ಫ್ರೇಮು ನಿಮ್ಮಲ್ಲಿ ಎಫ್‌ಸಿಎಸ್ ಮತ್ತು ರಂಟ್ (ತುಂಡು ಫ್ರೇಮ್) ಆಗಿ ಬೀಳುತ್ತದೆ. ಪೋರ್ಟ್ ಆಟೋಗೆ ಹಾಕಿ. ಆಮೇಲೂ ಎಫ್‌ಸಿಎಸ್ ಏರಿದರೆ ಮಾತ್ರ ಕೇಬಲ್ ಮಾತು.

ಉತ್ತರ: ಕಾಲೇಜು ಲ್ಯಾಬ್ ಮತ್ತು ಸರ್ವರ್ ನೋಡಿಕೊಳ್ಳುವವರು, ಚಿತ್ರದುರ್ಗ

ಮೇಲೆ ಹೇಳಿದ್ದಕ್ಕೆ ಸೇರಿಸುವುದೇನೂ ಇಲ್ಲ, 11 ಮತ್ತು 16ರ ಬಗ್ಗೆ ಹೇಳುತ್ತೇನೆ.

11ರಲ್ಲಿ ಕೆಟ್ಟಿರುವುದು ಏನೂ ಇಲ್ಲ. ಸಂಜೆ 7ಕ್ಕೆ ಎಲ್ಲ ಕಂಪ್ಯೂಟರ್‌ಗಳೂ ಒಟ್ಟಿಗೆ ಬ್ಯಾಕಪ್ ಶುರುಮಾಡುತ್ತವೆ, ಅಲ್ಲವೇ? ಮೂರು ಕಂಪ್ಯೂಟರ್ ತಲಾ 1 ಗಿಗಾಬಿಟ್‌ನಲ್ಲಿ ಕಳಿಸಿದರೆ 3 ಗಿಗಾಬಿಟ್ ಒಳಗೆ ಬಂತು, ನಾಸ್ ಕಡೆ ಹೊರಗೆ ಹೋಗೋದು 1. ಮಿಕ್ಕ 2 ಗಿಗಾಬಿಟ್, ಅಂದರೆ ಸೆಕೆಂಡಿಗೆ 250 ಎಂಬಿ, ಬಫರಿನಲ್ಲಿ ಕಾಯಬೇಕು. ಆ ಬಫರ್ ಅರ್ಧ ಎಂಬಿ ಇದ್ದರೆ ತುಂಬಲು 2 ಮಿಲಿಸೆಕೆಂಡ್ ಸಾಕು. ಸುಗ್ಗಿಯಲ್ಲಿ ನಿಮ್ಮ ಯಾರ್ಡಿನ ಮೂರು ಸಾಲು ಲಾರಿ ಒಂದೇ ಗೇಟಿಗೆ ನುಗ್ಗಿದ ಹಾಗೆ. ಗ್ರಾಫ್ ತೆಗೆದರೆ 5 ನಿಮಿಷದ ಸರಾಸರಿ 20 ಶೇಕಡಾ ಅಂತ ತಣ್ಣಗೆ ತೋರಿಸುತ್ತದೆ. ಮಿಲಿಸೆಕೆಂಡಿನಲ್ಲಿ ಆಗಿದ್ದು ಸರಾಸರಿಯಲ್ಲಿ ಎಲ್ಲಿ ಕಾಣಬೇಕು? ಲೋಡ್ ಇಂಟರ್‌ವಲ್ (ಸರಾಸರಿ ತೆಗೆಯುವ ಅವಧಿ) 30 ಸೆಕೆಂಡಿಗೆ ಇಳಿಸಿದರೂ ಪೂರ್ತಿ ಕಾಣದು, ಆದರೂ ಇಳಿಸಿ.

ಖರ್ಚಿಲ್ಲದ ಮದ್ದು ಬ್ಯಾಕಪ್ ಹೊತ್ತು ಬೇರೆ ಮಾಡುವುದು: ಒಂದು ಗುಂಪು 7ಕ್ಕೆ, ಇನ್ನೊಂದು 7.30ಕ್ಕೆ, ಟ್ಯಾಲಿ ಸರ್ವರ್ 8.30ಕ್ಕೆ. ನಾಸ್‌ಗೆ ಎರಡು ಪೋರ್ಟ್ ಇದ್ದರೆ ಎಲ್‌ಎಸಿಪಿ (ಎರಡು ತಂತಿ ಸೇರಿಸಿ ಒಂದೇ ಲಿಂಕ್ ಮಾಡುವುದು) ಕಟ್ಟಬಹುದು, ಆದರೆ ಒಂದು ಕಂಪ್ಯೂಟರಿನ ಒಂದು ಹರಿವು ಒಂದೇ ತಂತಿಯಲ್ಲಿ ಹೋಗುತ್ತದೆ. ಎರಡಕ್ಕೂ ಸಮನಾಗಿ ಹಂಚಿಕೊಳ್ಳುತ್ತದೆ ಅನ್ನುವ ಭರವಸೆ ಬೇಡ. ಸ್ವಿಚ್ಚಿನಲ್ಲಿ 10 ಗಿಗಾಬಿಟ್ ಎಸ್‌ಎಫ್‌ಪಿ ಪ್ಲಸ್ ಪೋರ್ಟ್ ಖಾಲಿ ಇದ್ದು, ನಾಸ್‌ಗೂ 10 ಗಿಗಾ ಕಾರ್ಡ್ ಹಾಕಲು ಬಂದರೆ ಅದೇ ಸರಿಯಾದ ದಾರಿ.

ಕ್ಯೂಒಎಸ್ (ಟ್ರಾಫಿಕ್‌ಗೆ ಆದ್ಯತೆ ಹಂಚುವ ಸೆಟ್ಟಿಂಗ್) ಆನ್ ಇದೆಯಾ ಅಂತಲೂ ನೋಡಿ. ಸಿಸ್ಕೋ 2960, 3560, 3750ರಲ್ಲಿ ‘ಎಂಎಲ್‌ಎಸ್ ಕ್ಯೂಒಎಸ್’ ಕೊಟ್ಟ ತಕ್ಷಣ ಪೋರ್ಟಿನ ಬಫರ್ ನಾಲ್ಕು ಕ್ಯೂಗಳಿಗೆ 25 ಶೇಕಡಾದಂತೆ ಹಂಚಿಹೋಗುತ್ತದೆ. ಐಪಿ ಫೋನೇ ಇಲ್ಲದ ಕಚೇರಿಯಲ್ಲಿ ಎಲ್ಲ ಟ್ರಾಫಿಕ್ಕೂ ಒಂದೇ ಕ್ಯೂನಲ್ಲಿ ಒತ್ತಾಡುತ್ತದೆ, ಉಳಿದವು ಬಹುಪಾಲು ಖಾಲಿ. ಫೋನ್ ಇಲ್ಲದಿದ್ದರೆ ಕ್ಯೂಒಎಸ್ ಆಫ್ ಮಾಡಿ.

16 ಇದೆಯಲ್ಲ, ಅದು ಮಜವಾದ ಕೇಸು. ಕೆಲವು ಯುಎಸ್‌ಬಿ ಡಾಕ್‌ಗಳ ನೆಟ್‌ವರ್ಕ್ ಚಿಪ್, ಲ್ಯಾಪ್‌ಟಾಪ್ ಕಳಚಿದ ಮೇಲೆ, ಬಂದ ಪ್ಯಾಕೆಟ್ ತಗೊಳ್ಳುವವರಿಲ್ಲದೆ ತನ್ನ ಬಫರ್ ತುಂಬಿಸಿಕೊಂಡು ‘ಕಳಿಸಬೇಡಿ’ ಅಂತ ಪಾಸ್ (pause) ಫ್ರೇಮ್ ಸುರಿಯಲು ಶುರುಮಾಡುತ್ತದೆ. ಪೋರ್ಟಿನಲ್ಲಿ ಫ್ಲೋ ಕಂಟ್ರೋಲ್ ಆನ್ ಇದ್ದರೆ ಸ್ವಿಚ್ ಅದರ ಮಾತು ಕೇಳಿ ನಿಲ್ಲುತ್ತದೆ. ಬ್ರಾಡ್‌ಕಾಸ್ಟ್ ಮಾತ್ರ ಎಲ್ಲ ಪೋರ್ಟಿಗೂ ಬರುತ್ತಲೇ ಇರುತ್ತದಲ್ಲ, 16ರ ಬಫರ್ ತುಂಬಿ ಡಿಸ್ಕಾರ್ಡ್. ಆರ್‌ಎಕ್ಸ್ ಪಾಸ್ ಅನ್ನುವ ಲೆಕ್ಕ ರಾತ್ರಿ ಏರಿದೆಯಾ ನೋಡಿ. ಏರಿದ್ದರೆ 16ರಲ್ಲಿ ಫ್ಲೋ ಕಂಟ್ರೋಲ್ ಆಫ್. ಡಾಕಿಗೆ ಹೊಸ ಫರ್ಮ್‌ವೇರ್ ಇದ್ದರೆ ಹಾಕಿ.

ಮರುಪ್ರಶ್ನೆ: ಎಪಿಎಂಸಿ ಯಾರ್ಡ್

24ರಲ್ಲಿ ನೀವು ಹೇಳಿದ ಹಾಗೇ ‘100 ಹಾಫ್’. ಡಿಪ್ ಸ್ವಿಚ್ ಆಟೋಗೆ ಹಾಕಿದ ಮೇಲೆ 100 ಫುಲ್ ಬಂತು, ಲೇಟ್ ಕೊಲಿಷನ್ ನಿಂತಿದೆ. 16ರಲ್ಲಿ ಪಾಸ್ ಲೆಕ್ಕ ಲಕ್ಷಗಟ್ಟಲೆ ಇದೆ. 11ರಲ್ಲಿ ಫ್ಲೋ ಕಂಟ್ರೋಲ್ ಆನ್ ಮಾಡಿದರೆ ಡಿಸ್ಕಾರ್ಡ್ ಸೊನ್ನೆ ಆಗುತ್ತದೆ ಅಂತ ಸ್ವಿಚ್ ಕೊಟ್ಟವರು ಹೇಳುತ್ತಿದ್ದಾರೆ. ಮಾಡಲಾ? 9 ಯಾಕೋ 100ರಲ್ಲೇ ನಿಂತಿದೆ, ಆ ಕಂಪ್ಯೂಟರ್ ಕಾರ್ಡ್ ಗಿಗಾಬಿಟ್ಟಿನದು.

ಉತ್ತರ: ಚಿತ್ರದುರ್ಗದವರೇ

11ರಲ್ಲಷ್ಟೇ ಆನ್ ಮಾಡಿದರೆ ಆಗಲ್ಲ, ಕಳಿಸುವ ಕಂಪ್ಯೂಟರ್‌ಗಳ ಪೋರ್ಟ್‌ಗಳಲ್ಲೂ ಆನ್ ಮಾಡಿದರೆ ಸೊನ್ನೆ ಹತ್ತಿರ ಬರಬಹುದು, ನಿಜ. ಆದರೆ ಮಾಡಬೇಡಿ. ನಾಸ್ ಪೋರ್ಟ್ ತುಂಬಿದಾಗ ಸ್ವಿಚ್ ಕಳಿಸುವ ಕಂಪ್ಯೂಟರ್‌ಗೇ ಪಾಸ್ ಕೊಡುತ್ತದೆ. ಆ ಕಂಪ್ಯೂಟರ್ ನಾಸ್‌ಗೆ ಕಳಿಸುವುದನ್ನಷ್ಟೇ ಅಲ್ಲ, ಟ್ಯಾಲಿ ಸರ್ವರ್‌ಗೆ, ಪ್ರಿಂಟರ್‌ಗೆ ಕಳಿಸುವುದನ್ನೂ ನಿಲ್ಲಿಸುತ್ತದೆ. ಲೆಕ್ಕ ಚೆಂದ ಕಾಣುತ್ತದೆ, ಜನ ಬೈಯುತ್ತಾರೆ. ಬ್ಯಾಕಪ್ ಹೊತ್ತಿನಲ್ಲಿ ಸ್ವಲ್ಪ ಡಿಸ್ಕಾರ್ಡ್ ಇದ್ದರೆ ಟಿಸಿಪಿ ಅದನ್ನು ನೋಡಿಕೊಂಡೇ ವೇಗ ಇಳಿಸಿಕೊಳ್ಳುತ್ತದೆ. ಅದಕ್ಕೆ ಮದ್ದು ಮಾಡಲೇಬೇಕೆಂದಿಲ್ಲ.

ಉತ್ತರ: ಕೇಬಲಿಂಗ್ ಕೆಲಸ, ಪಿ.ಬಿ. ರಸ್ತೆ

9ರದ್ದು ಕೇಬಲ್ಲೇ ನೋಡ್ರಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100ಕ್ಕೆ 1-2 ಮತ್ತು 3-6 ಎರಡೇ ಸಾಕು. 4-5 ಅಥವಾ 7-8ರಲ್ಲಿ ಒಂದು ತಂತಿ ತುಂಡಾದರೂ, ಇಲ್ಲ ಜಾಕ್‌ನಾಗೆ ಪಿನ್ ಕಚ್ಚದಿದ್ದರೂ, ಎಷ್ಟೋ ಕಾರ್ಡ್‌ಗಳು 100ಕ್ಕೆ ಇಳಿದು ಸುಮ್ಮನೆ ಓಡ್ತಾವೆ. ಆಮೇಲೆ ಸರ್ವರ್ ಗಿಗಾಬಿಟ್‌ನಲ್ಲಿ ಸುರೀತದೆ, ಪೋರ್ಟ್ 100ರಲ್ಲಿ ಬಿಡ್ತದೆ, ಬಫರ್ ತುಂಬ್ತದೆ. ಕೇಬಲ್ ಕೆಟ್ಟು ಟಿಎಕ್ಸ್ ಕಡೆ ಲೆಕ್ಕ ಏರೋದು ಹಿಂಗೆ, ಬಳಸು ದಾರಿಯಾಗೆ. ಅದಕ್ಕೇ ಎರರ್ ಕಾಲಂಗಿಂತ ಮೊದಲು ಸ್ಪೀಡ್ ಕಾಲಂ ನೋಡಬೇಕು.

ಸ್ವಿಚ್ಚಿನಾಗೆ ಕೇಬಲ್ ಟೆಸ್ಟ್ ಇದ್ದರೆ ಓಡಿಸ್ರಿ, ಯಾವ ಜೋಡಿ ಎಷ್ಟು ಮೀಟರ್‌ಗೆ ತುಂಡಾಗೇತಿ ಅಂತ ತೋರಿಸ್ತದೆ. ಟೆಸ್ಟ್ ಓಡುವಾಗ ಲಿಂಕ್ ಹೋಗಿ ಬರ್ತದೆ, ಲಾರಿ ತೂಕ ನಡೆಯುವಾಗ ಬ್ಯಾಡ. ತುದಿ ಹತ್ರ ತುಂಡು ತೋರಿಸಿದರೆ ಜಾಕ್ ಮಾತ್ರ ಕತ್ತರಿಸಿ ಹೊಸದು ಹಾಕ್ರಿ. ಎರಡೂ ಕಡೆ 568ಬಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹುರಿ ಬಿಚ್ಚೋದು 13 ಮಿಲಿಮೀಟರ್ ಮೀರಬಾರದು. ಒಂದು, ಎರಡು, ಮೂರು ಅಂತ ಬಣ್ಣ ಜೋಡಿಸಿ ಎರಡೂ ಕಡೆ ಒಂದೇ ಥರ ಹಾಕಿಬಿಟ್ಟರೆ ಲೈಟ್ ಟೆಸ್ಟರ್ ಪಾಸ್ ಅಂತೈತಿ, ಆದರೆ 3-6 ಜೋಡಿ ಬೇರೆ ಬೇರೆ ಹುರಿಗೆ ಬಿದ್ದು ಕ್ರಾಸ್‌ಟಾಕ್ (ಒಂದು ಜೋಡಿಯ ಸಿಗ್ನಲ್ ಇನ್ನೊಂದಕ್ಕೆ ಸೋರೋದು) ಆಗ್ತದೆ. ಎಂಟು ಲೈಟ್ ಹತ್ತಿದ್ದಕ್ಕೆ ನಂಬಬ್ಯಾಡ್ರಿ.

ಇನ್ನೊಂದು, ಕಡಿಮೆ ರೇಟಿನ ಬಾಕ್ಸ್‌ಗಳಾಗೆ ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಸಿಸಿಎ ತಂತಿ ಬರ್ತದೆ. ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣ್ತದೆ. ಹಾಕಿಬಿಟ್ಟ ಕೇಬಲ್ ಆದರೆ ಎರಡೂ ತುದಿ ಬಿಚ್ಚಿ, ಆ ಕಡೆ ಒಂದು ಜೋಡಿ ಕೂಡಿಸಿ, ಈ ಕಡೆ ಮಲ್ಟಿಮೀಟರ್ ಹಿಡೀರಿ. 50 ಮೀಟರ್ ಕ್ಯಾಟ್ 5ಇ ಕೇಬಲ್‌ಗೆ ತಾಮ್ರವಾದರೆ 8ರಿಂದ 9.5 ಓಮ್ ಒಳಗೆ, ಸಿಸಿಎ ಆದರೆ 13ರ ಮೇಲೆ. ಮಲ್ಟಿಮೀಟರ್‌ನ ತಂತಿಯ ಓಮ್ ಕಳೆದು ಲೆಕ್ಕ ಹಾಕ್ರಿ. ಗೋಡೆಯೊಳಗಿನ ಕೇಬಲ್ 90 ಮೀಟರ್, ಎರಡೂ ಕಡೆ ಪ್ಯಾಚ್ ಸೇರಿ 100, ಅದರಾಚೆ ಎಳೆಯಬ್ಯಾಡ್ರಿ. ವೇಬ್ರಿಡ್ಜ್ ಕೋಣೆ ದೂರ ಇದ್ದರೆ, ಬೇರೆ ಮೀಟರಿನಿಂದ ಕರೆಂಟ್ ಹೋಗಿದ್ದರೆ, ಅದಕ್ಕೂ ಫೈಬರ್ ಎಳೆಯೋದೇ ವಾಸಿ.

ಉತ್ತರ: ಯುಪಿಎಸ್ ಮತ್ತು ಅರ್ತಿಂಗ್, ದಾವಣಗೆರೆ

ಆ ಕೊನೆಯ ಮಾತಿಗೆ ಒಂದಿಷ್ಟು. ಏಪ್ರಿಲ್, ಮೇ ಗುಡುಗು ಮಳೆಯಲ್ಲಿ ಎರಡು ಕಟ್ಟಡದ ನಡುವೆ ತಾಮ್ರದ ಕೇಬಲ್ ಇದ್ದರೆ ಪೋರ್ಟ್ ಪೂರ್ತಿ ಸಾಯದೆ ಅರ್ಧ ಸಾಯುತ್ತದೆ: ಲಿಂಕ್ ಬರುತ್ತದೆ, ಎರರೂ ಬರುತ್ತದೆ. ಪತ್ತೆ ಸುಲಭ. ಅದೇ ಕೇಬಲ್, ಅದೇ ಕಂಪ್ಯೂಟರನ್ನು ದೂರದ ಬೇರೆ ಪೋರ್ಟಿಗೆ ಹಾಕಿ. ಎರರ್ ಕೇಬಲ್ ಜೊತೆ ಹೋದರೆ ಕೇಬಲ್ಲು ಅಥವಾ ಕಂಪ್ಯೂಟರು, ಹಳೇ ಪೋರ್ಟಿನಲ್ಲೇ ಉಳಿದರೆ ಪೋರ್ಟು. ಪಕ್ಕದ ಪೋರ್ಟಿಗೆ ಹಾಕಬೇಡಿ, ಒಂದೊಂದು ಚಿಪ್ ನಾಲ್ಕೋ ಎಂಟೋ ಪೋರ್ಟ್ ನೋಡಿಕೊಳ್ಳುತ್ತದೆ. ಸಾಲಾಗಿ ನಾಲ್ಕು ಪೋರ್ಟ್ ಒಟ್ಟಿಗೆ ಕೆಟ್ಟರೆ ಆಗ ಸ್ವಿಚ್ ಬದಲಿಸುವ ಮಾತು.

ರ‍್ಯಾಕಿನ ಸಾಕೆಟ್ಟಿನಲ್ಲಿ ನ್ಯೂಟ್ರಲ್-ಅರ್ತ್ ನಡುವೆ ವೋಲ್ಟೇಜ್ ಅಳೆಯಿರಿ, 2-3 ವೋಲ್ಟ್ ದಾಟಿದರೆ ಅರ್ತ್ ಪಿಟ್ ನೋಡಿಸಿ. ಯಾರ್ಡಿನಲ್ಲಿ ಜೋಳದ ಹೊಟ್ಟಿನ ಧೂಳು ಸ್ವಿಚ್ಚಿನ ಫ್ಯಾನಿಗೆ ಮೆತ್ತಿಕೊಳ್ಳುತ್ತದೆ. ಹೆಚ್ಚಿನ ಕಚೇರಿ ಸ್ವಿಚ್‌ಗಳಿಗೆ ಸುತ್ತಲಿನ ಗಾಳಿ 40ರಿಂದ 50 ಡಿಗ್ರಿ ಮಿತಿ. ಬೇಸಿಗೆ ಮಧ್ಯಾಹ್ನ, ಮುಚ್ಚಿದ ರ‍್ಯಾಕು, ತಗಡಿನ ಚಾವಣಿ ಅಂದರೆ ಆ ಮಿತಿ ದೂರವೇನಿಲ್ಲ. ಎರರ್ ಮಧ್ಯಾಹ್ನ 2ರಿಂದ 5ರವರೆಗೆ ಮಾತ್ರ ಏರುತ್ತಿದ್ದರೆ ಮೊದಲು ರ‍್ಯಾಕಿನ ಬಾಗಿಲು ತೆಗೆದು, ಸ್ವಿಚ್ ಆಫ್ ಮಾಡಿ ಬ್ಲೋವರ್ ಹಿಡಿಯಿರಿ.

ಉತ್ತರ: ಪಿ.ಜೆ. ಬಡಾವಣೆ

9ರ ಜಾಕ್ ಹಾಕಿದ ಮೇಲೆ ‘1000 ಫುಲ್’ ಬಂತಾ ನೋಡಿ, ಎಲ್ಲ ಪೋರ್ಟ್ ಕ್ಲಿಯರ್ ಮಾಡಿ ಒಂದು ಪೂರ್ತಿ ದಿನ ಬಿಡಿ, ಬ್ಯಾಕಪ್ ಹೊತ್ತೂ ಅದರಲ್ಲಿ ಸೇರಲಿ. ಲೇಟ್ ಕೊಲಿಷನ್ ಒಂದೂ ಇರಬಾರದು. ಎಫ್‌ಸಿಎಸ್ 10 ಲಕ್ಷ ಫ್ರೇಮಿಗೆ ಒಂದೆರಡು ಬಂದರೆ ಬಿಟ್ಟುಬಿಡಿ. 11ರ ಡಿಸ್ಕಾರ್ಡ್ ಹೊತ್ತು ಬದಲಿಸಿದ ಮೇಲೂ ಹಗಲಲ್ಲಿ ಏರಿದರೆ, ಆ ಹೊತ್ತಿಗೆ ಯಾವ ಪೋರ್ಟಿನ ಆರ್‌ಎಕ್ಸ್ ಜಿಗಿಯಿತು ಅಂತ ಜೋಡಿಸಿ ಬರೆಯಿರಿ ಸರ್, ಅಲ್ಲಿಂದ ಮುಂದೆ ನೋಡೋಣ.