ಮಾರಿಸ್ ಮೈನರ್ 1000: ಲಾಗ್‌ಬುಕ್ (ಗಾಡಿಯ ಹಳೆಯ ನೋಂದಣಿ ಪತ್ರ) ಕಳೆದಿದೆ, ಹಳೆಯ ಬ್ರಿಟಿಷ್ ನಂಬರ್ ಮರಳಿ ಪಡೆಯುವುದು ಹೇಗೆ?

ಪ್ರಶ್ನೆ
ಇಂಗ್ಲೆಂಡಿನಲ್ಲಿರುವ ಎರಡು ಬಾಗಿಲಿನ ಮೈನರ್ ಕಾರು. ಬಾನೆಟ್ ಒಳಗಿನ ತಗಡಿನಲ್ಲಿ ಎಂಎ2ಎಸ್3 ಎಂಬಷ್ಟೇ ಓದಲು ಬರುತ್ತಿದೆ, ಮುಂದಿನ ಅಂಕಿಗಳು ತುಕ್ಕಿನಲ್ಲಿ ಮುಚ್ಚಿವೆ. ಇಂಜಿನ್ ನಂಬರ್ 10ಎಂಎ ಎಂದು ಶುರುವಾಗುತ್ತದೆ. ನಂಬರ್ ಪ್ಲೇಟಿನಲ್ಲಿ ಮೂರಕ್ಷರ, ಮೂರಂಕಿ. ಅಕ್ಷರಗಳಲ್ಲಿ ಕೊನೆಯೆರಡು ಎಫ್‌ಸಿ. ಬ್ರಿಟನ್ನಿನ ವಾಹನ ನೋಂದಣಿ ಇಲಾಖೆಯಾದ ಡಿವಿಎಲ್‌ಎಯ ಜಾಲತಾಣದಲ್ಲಿ ಈ ನಂಬರಿಗೆ ಏನೂ ಬರುತ್ತಿಲ್ಲ. ಪ್ಲೇಟೂ ಒಂದು ಹಳೆಯ ಫೋಟೋವೂ ಇದ್ದರೆ ಸಾಕೇ?

ಉತ್ತರ 1
ಇಂಜಿನ್ ನಂಬರ್ ಹಿಡಿದು ಹೊರಡಬೇಡಿ. ಎಂಎ2ಎಸ್3 ಎಂದರೆ ಎರಡು ಬಾಗಿಲಿನ 948 ಸಿಸಿ ಗಾಡಿ. 10ಎಂಎ ಮಾತ್ರ 1962ರಿಂದ ಬಂದ 1098 ಸಿಸಿ ಇಂಜಿನ್. ಅಂದರೆ ಇಂಜಿನ್ ನಡುವೆ ಬದಲಾಗಿದೆ. ಮೈನರ್‌ಗಳಲ್ಲಿ ಇದು ಸಾಮಾನ್ಯ, ಗಾಡಿಯ ಗುರುತು ಆ ತಗಡಿನ ಮೇಲಿರುವ ಚಾಸಿ ನಂಬರಿನಲ್ಲೇ ಇದೆ.

ತಗಡಿಗೆ ವೈರ್ ಬ್ರಷ್, ಉಪ್ಪುಕಾಗದ ತಾಗಿಸಲೇಬೇಡಿ. ಅಚ್ಚು ಆಳವಿಲ್ಲ, ತುಕ್ಕಿನೊಡನೆ ಅಂಕಿಯೂ ಹೋಗುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ರಾತ್ರಿಯಿಡೀ ಇಟ್ಟು, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒರೆಸಿ ಒಣಗಿಸಿ. ತೆಳುಕಾಗದ ಹಾಸಿ ಪೆನ್ಸಿಲ್ಲನ್ನು ಅಡ್ಡವಾಗಿ ಉಜ್ಜಿ. ಆಮೇಲೆ ಕತ್ತಲಲ್ಲಿ ಟಾರ್ಚನ್ನು ತಗಡಿಗೆ ತಾಗಿದಂತೆ ಮಲಗಿಸಿ, ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ: 3 ಯಾವುದು, 8 ಯಾವುದು ಎಂಬುದು ನೆರಳಿನಲ್ಲೇ ತಿಳಿಯುತ್ತದೆ. ತಗಡನ್ನು ಕಳಚಬೇಡಿ. ತಗಡನ್ನು ಹಿಡಿದಿರುವ ಸ್ಕ್ರೂ ಅಥವಾ ರಿವೆಟ್ ಹೊಸದಾಗಿ ಕಂಡರೆ, ಅದು ಬೇರೆ ಗಾಡಿಯಿಂದ ಬಂದ ತಗಡೇ ಎಂದು ವಿಚಾರಿಸಬೇಕಾಗುತ್ತದೆ.

ಉತ್ತರ 2
ಪ್ಲೇಟು, ಫೋಟೋ ಸಾಲವು. ಚಾಸಿ ನಂಬರೂ ನೋಂದಣಿ ನಂಬರೂ ಜೊತೆಯಾಗಿ ನಮೂದಾಗಿರುವ ಹಳೆಯ ಮೂಲ ದಾಖಲೆ ಬೇಕು. ಎಲ್ಲವೂ ನಿಂತಿರುವುದು ಇದರ ಮೇಲೆಯೇ. ಲಾಗ್‌ಬುಕ್ ಇಲ್ಲದಿದ್ದರೆ ಸ್ಥಳೀಯ ಆಡಳಿತದ ನೋಂದಣಿ ಪುಸ್ತಕ ಹುಡುಕಿ. ಎಫ್‌ಸಿ ಆಕ್ಸ್‌ಫರ್ಡಿನ ಗುರುತು, ಅಲ್ಲಿನ ದಾಖಲೆ ಸಂಗ್ರಹಾಲಯಕ್ಕೆ ಮೊದಲು ಬರೆಯಿರಿ. ಇಂಥ ಎಷ್ಟೋ ಪುಸ್ತಕಗಳು ನಾಶವಾಗಿವೆ; ಉಳಿದವುಗಳಲ್ಲಿ ಬಹಳಷ್ಟು ಹಳೆಯ ವಾಹನ ದಾಖಲೆಗಳನ್ನು ಕಾಪಾಡುವ, ಡ್ರಾಯ್ಟ್‌ವಿಚ್‌ನ ಕಿಟ್‌ಹೆಡ್ ಟ್ರಸ್ಟ್‌ನಲ್ಲಿವೆ. ನಮೂದು ಸಿಕ್ಕರೆ ದೃಢೀಕೃತ ನಕಲು ಕೇಳಿ, ಮೊಬೈಲ್ ಫೋಟೋ ಸಾಲದು.

ಗೇಡನ್‌ನ ಬ್ರಿಟಿಷ್ ಮೋಟರ್ ಮ್ಯೂಸಿಯಂ ಕೊಡುವ ಹೆರಿಟೇಜ್ ಪ್ರಮಾಣಪತ್ರದಿಂದ ಗಾಡಿ ತಯಾರಾದ ದಿನ, ಬಣ್ಣ, ಮೂಲ ಇಂಜಿನ್ ನಂಬರ್ ತಿಳಿಯುತ್ತವೆ. ಆದರೆ ಕಾರ್ಖಾನೆಯ ಪುಸ್ತಕದಲ್ಲಿ ಸಾಮಾನ್ಯವಾಗಿ ನೋಂದಣಿ ನಂಬರ್ ಇರುವುದಿಲ್ಲ. ಇದೊಂದನ್ನೇ ನಂಬಿ ಅರ್ಜಿ ಹಾಕಿದವರು ತಿರಸ್ಕಾರ ಕಾಣುವುದು ಇದಕ್ಕೇ.

ಪ್ರಶ್ನೆ
ದಾಖಲೆ ಸಿಕ್ಕ ಮೇಲೆ?

ಉತ್ತರ 2
1983ರೊಳಗೆ ಸ್ವಾನ್ಸಿಯಲ್ಲಿರುವ ಡಿವಿಎಲ್‌ಎ ಕಂಪ್ಯೂಟರಿಗೆ ಸೇರದೆ ಉಳಿದ ನಂಬರುಗಳನ್ನು ಮರಳಿ ಕೇಳಲು ವಿ765 ಎಂಬ ಅರ್ಜಿ. ಡಿವಿಎಲ್‌ಎ ಮಾನ್ಯ ಮಾಡಿದ ಮೈನರ್ ಕ್ಲಬ್ ಗಾಡಿಯನ್ನೂ ಕಾಗದಗಳನ್ನೂ ಪರಿಶೀಲಿಸಿ ಸಹಿ ಹಾಕಬೇಕು. ಜೊತೆಗೆ ಗಾಡಿಯ ನೋಂದಣಿಗೆ ಹಾಕುವ ವಿ55/5 ಅರ್ಜಿಯೂ ಹೋಗಬೇಕು. ಮೂಲ ಕಾಗದ ಕಳಿಸುವ ಮೊದಲು ಸ್ಕ್ಯಾನ್ ಮಾಡಿಟ್ಟುಕೊಳ್ಳಿ, ಸ್ಪೆಷಲ್ ಡೆಲಿವರಿ ಅಂಚೆಯಲ್ಲೇ ಕಳಿಸಿ.

ಹೀಗೆ ಮರಳಿದ ನಂಬರನ್ನು ಬೇರೆ ಗಾಡಿಗೆ ವರ್ಗಾಯಿಸಲು ಬರುವುದಿಲ್ಲ. ಪುರಾವೆ ಸಿಗದಿದ್ದರೆ, ಕ್ಲಬ್ಬಿನ ಕಾಲನಿರ್ಣಯ ಪತ್ರದ ಮೇಲೆ ಗಾಡಿಯ ವಯಸ್ಸಿಗೆ ಹೊಂದುವ ಬೇರೆ ನಂಬರ್ ಕೇಳಬಹುದು. ಆದರೆ ಆಕ್ಸ್‌ಫರ್ಡಿನ ಪುಸ್ತಕ ನೋಡುವ ಮೊದಲೇ ಆ ಅರ್ಜಿ ಹಾಕಬೇಡಿ.