ಕಡಿಮೆ ಖರ್ಚಿನಲ್ಲಿ ಹಾಂಗ್‌ಕಾಂಗ್: ಅತ್ತೆ, ಮಗನ ಜೊತೆ 5 ದಿನ ಆಗುತ್ತಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದವರು. ನಾನು, ನಮ್ಮ ಯಜಮಾನರು, 8 ವರ್ಷದ ಮಗ, 66 ವರ್ಷದ ಅತ್ತೆ ಸೇರಿ ದಸರಾ ರಜೆಯಲ್ಲಿ ಹಾಂಗ್‌ಕಾಂಗ್‌ಗೆ ಹೋಗಬೇಕು ಅಂತಿದ್ದೇವೆ. ಅತ್ತೆಗೆ ಹಡಗು, ಸಮುದ್ರ ಅಂದರೆ ಪ್ರಾಣ, ಇದುವರೆಗೆ ವಿಮಾನ ಹತ್ತಿಲ್ಲ. ವಿಮಾನ, ರೂಮು ಬಿಟ್ಟು ಓಡಾಟ, ಊಟಕ್ಕೆ ನಮ್ಮ ಕೈಯಲ್ಲಿರುವುದು 60 ಸಾವಿರ. ಊರಿನ ಏಜೆಂಟ್ ಒಬ್ಬರು ಹೇಳಿದ ಪ್ಯಾಕೇಜ್ ಕೇಳಿಯೇ ತಲೆ ತಿರುಗಿತು. ಅತ್ತೆ ಈರುಳ್ಳಿ, ಬೆಳ್ಳುಳ್ಳಿ ಕೂಡ ತಿನ್ನಲ್ಲ, ಮಂಡಿ ನೋವು ಬೇರೆ ಇದೆ. ನಾವೇ ಪ್ಲಾನ್ ಮಾಡಿಕೊಂಡು ಹೋಗಬಹುದಾ?

ಮಲೆನಾಡಿಗ:
ಖಂಡಿತ ಹೋಗಬಹುದು ಮೇಡಂ, ಪ್ಯಾಕೇಜ್ ಬೇಡವೇ ಬೇಡ. ನಾನು ಮೂರು ವರ್ಷ ಅಲ್ಲಿ ಕೆಲಸದಲ್ಲಿದ್ದೆ. ಮೊದಲು ದಿನಾಂಕ ನೋಡಿಕೊಳ್ಳಿ. ಅಕ್ಟೋಬರ್ 1ರಿಂದ ಒಂದು ವಾರ ಚೀನಾದಲ್ಲಿ ರಾಷ್ಟ್ರೀಯ ದಿನದ ರಜೆ, ಗಡಿ ದಾಟಿ ಜನ ಬಂದು ತುಂಬಿಕೊಳ್ಳುತ್ತಾರೆ, ರೂಮಿನ ಬಾಡಿಗೆ ವಿಪರೀತ ಏರುತ್ತದೆ. ನಮ್ಮ ದಸರಾ ರಜೆ ಸಾಮಾನ್ಯವಾಗಿ ಅದರ ಮೇಲೇ ಬೀಳುತ್ತದೆ. ಮಗನಿಗೆ ನಾಲ್ಕು ದಿನ ಶಾಲೆ ತಪ್ಪಿದರೂ ಪರವಾಗಿಲ್ಲ ಅನ್ನುವುದಾದರೆ ನವೆಂಬರ್‌ಗೆ ಹಾಕಿ. ಸೆಕೆ ಇರಲ್ಲ, ಮಳೆ ಕಡಿಮೆ, ಚಂಡಮಾರುತದ ಕಾಟವೂ ಬಹುತೇಕ ಮುಗಿದಿರುತ್ತದೆ. ಚಂಡಮಾರುತಕ್ಕೆ 8ನೇ ನಂಬರಿನ ಎಚ್ಚರಿಕೆ ಹಾಕಿದರೆ ಫೆರ್ರಿ ಎಲ್ಲಾ ನಿಲ್ಲುತ್ತದೆ, ಅತ್ತೆಯವರ ಆಸೆ ಅಲ್ಲೇ ಉಳಿದುಬಿಡುತ್ತದೆ.

ಎರಡನೆಯದು, ಟಿಕೆಟ್ ಕೊಳ್ಳುವ ಮುಂಚೆ ಅಲ್ಲಿನ ಇಮಿಗ್ರೇಷನ್ ಇಲಾಖೆಯ ವೆಬ್‌ಸೈಟ್‌ನಲ್ಲಿ ಮುಂಗಡ ನೋಂದಣಿ ಮಾಡಿ. ಭಾರತದ ಪಾಸ್‌ಪೋರ್ಟ್ ಇರುವವರಿಗೆ 2017ರಿಂದ ಇದು ಕಡ್ಡಾಯ, 14 ದಿನದವರೆಗೆ ಇರಬಹುದು. ನಾಲ್ಕೂ ಜನರಿಗೆ ಬೇರೆ ಬೇರೆ ಮಾಡಬೇಕು, ಮಗನಿಗೂ. ಇದು ಪುಕ್ಕಟೆ, ಯಾರಿಗೂ ದುಡ್ಡು ಕೊಡಬೇಡಿ. ಬಂದ ಚೀಟಿಯನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಿ.

ಇನ್ನು ಓಡಾಟ. ಏರ್‌ಪೋರ್ಟ್‌ನಲ್ಲಿ ದುಡ್ಡು ತುಂಬಿಸಿಕೊಳ್ಳುವ ಆಕ್ಟೋಪಸ್ ಕಾರ್ಡ್ ಮಾಡಿಸಿ, ಮೆಟ್ರೋ, ಬಸ್, ಟ್ರಾಮ್, ಫೆರ್ರಿ, ಅಂಗಡಿ ಎಲ್ಲಾ ಕಡೆ ಅದೇ ನಡೆಯುತ್ತದೆ. ಉಳಿಯುವುದು ಬಂದರಿನ ದಡದ ಚಿಮ್ ಶಾ ಚುಯಿ ಬಡಾವಣೆ ಕಡೆಯಾದರೆ ಎ21 ಬಸ್ ಹತ್ತಿ, ಏರ್‌ಪೋರ್ಟ್ ರೈಲಿಗಿಂತ ತುಂಬಾ ಅಗ್ಗ. ಅಲ್ಲಿಂದ ಸ್ಟಾರ್ ಫೆರ್ರಿ ನಡೆದು ಹೋಗುವಷ್ಟು ಹತ್ತಿರ. ಹತ್ತು ನಿಮಿಷದಲ್ಲಿ ಬಂದರು ದಾಟಿಸುತ್ತದೆ, ಐದಾರು ಹಾಂಗ್‌ಕಾಂಗ್ ಡಾಲರ್ ಅಷ್ಟೇ, ಅಂದರೆ ನಮ್ಮ 60–70 ರೂಪಾಯಿ. ಅದನ್ನು ಶುರು ಮಾಡಿದವರು ನಮ್ಮ ದೇಶದಿಂದ ಹೋದ ಪಾರ್ಸಿ, ದೊರಾಬ್ಜಿ ನವರೋಜಿ, ಅತ್ತೆಯವರಿಗೆ ಹೇಳಿ. ದುಬಾರಿ ಕ್ರೂಸ್ ಟಿಕೆಟ್ ತೆಗೆಯಬೇಡಿ. ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಈ ಫೆರ್ರಿಯಲ್ಲೇ ಕೂರಿಸಿ.

ಕಡಲದಾರಿ:
ರೂಮಿನ ಬಗ್ಗೆ ಒಂದು ಮಾತು. ನಾವು ಫೋಟೋ ನೋಡಿ ಒಂದು ಗೆಸ್ಟ್ ಹೌಸ್ ಬುಕ್ ಮಾಡಿದ್ವಿ. ಕಿಟಕಿ ಇಲ್ಲ, ಸೂಟ್‌ಕೇಸ್ ತೆರೆದರೆ ಬಾಗಿಲು ಹಾಕಲು ಆಗುತ್ತಿರಲಿಲ್ಲ. ಅಮ್ಮ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ವಯಸ್ಸಾದವರು ಜೊತೆಗಿದ್ದರೆ ರೂಮಿನಲ್ಲಿ ಮಾತ್ರ ದುಡ್ಡು ಉಳಿಸಲು ಹೋಗಬೇಡಿ. ರೂಮು ಎಷ್ಟು ಚದರ ಅಡಿ, ಕಿಟಕಿ ಇದೆಯಾ, ಲಿಫ್ಟ್ ಇದೆಯಾ ಅಂತ ಕೇಳಿಯೇ ಬುಕ್ ಮಾಡಿ. ಚಿಮ್ ಶಾ ಚುಯಿಯ ಚುಂಗ್‌ಕಿಂಗ್ ಮ್ಯಾನ್ಶನ್ಸ್ ಅನ್ನುವ ಹಳೇ ಕಟ್ಟಡದಲ್ಲಿ ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ಲಿಫ್ಟ್‌ಗೆ ಕ್ಯೂ ನಿಲ್ಲಬೇಕು. ಊಟಕ್ಕೆ ಹೋಗಿ ಬನ್ನಿ, ನಮ್ಮ ಕಡೆಯ ಅಡುಗೆ ಬೇಕಾದಷ್ಟಿದೆ.

ಮಲೆನಾಡಿಗ:
ರೂಮಿನ ಮಾತು ಒಪ್ಪುತ್ತೇನೆ, ನಾನು ಒಬ್ಬನೇ ಇದ್ದೆ, ಅದು ಹೊಳೆಯಲಿಲ್ಲ.

ಅರಳಿಕಟ್ಟೆ:
ಅಕ್ಕ, ಅತ್ತೆಯವರ ಊಟಕ್ಕೆ ಹೆದರಬೇಡಿ. ಚೀನೀ ಬೌದ್ಧರ ಸಸ್ಯಾಹಾರದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಹಾಕುವುದೇ ಇಲ್ಲ. ಲಾಂಟೌ ದ್ವೀಪದ ಪೋ ಲಿನ್ ಮಠದಲ್ಲಿ ಮಧ್ಯಾಹ್ನ ಅಂಥ ಊಟ ಸಿಗುತ್ತದೆ. ನಮ್ಮತ್ತೆ ಅಲ್ಲಿ ತೋಫು, ಅಣಬೆ, ಸೊಪ್ಪು ತಿಂದು ಮಠದ ಊಟದ ಹಾಗೇ ಇದೆ ಅಂದರು. ಬೇರೆ ಹೋಟೆಲ್‌ನಲ್ಲಿ ಬರೀ "ವೆಜ್" ಅಂದರೆ ಸಾಲದು, ಸೊಪ್ಪಿಗೂ ಸಿಂಪಿಯ ಮಾಂಸದಿಂದ ಮಾಡಿದ ಆಯಿಸ್ಟರ್ ಸಾಸ್ ಸುರಿದು ಕೊಡುತ್ತಾರೆ. ಏನೇನು ತಿನ್ನಲ್ಲ ಅಂತ ಚೀನೀ ಅಕ್ಷರದಲ್ಲಿ ಬರೆಸಿ ಫೋನ್‌ನಲ್ಲಿ ಇಟ್ಟುಕೊಳ್ಳಿ. ಅವಲಕ್ಕಿ, ಚಟ್ನಿಪುಡಿ ಇದ್ದೇ ಇರುತ್ತಲ್ವಾ.

ಅಲ್ಲಿನ ದೊಡ್ಡ ಬುದ್ಧನ ಹತ್ತಿರ ಹೋಗಲು 268 ಮೆಟ್ಟಿಲು. ಅತ್ತೆಯವರು ಕೆಳಗೆ ಕೂತೇ ನೋಡಲಿ, 34 ಮೀಟರ್ ಮೂರ್ತಿ ಚೆನ್ನಾಗಿ ಕಾಣುತ್ತದೆ. ಕೇಬಲ್ ಕಾರ್ ದುಬಾರಿ, ಅದೇ ದ್ವೀಪದ ತುಂಗ್ ಚುಂಗ್ ಪಟ್ಟಣದಿಂದ 23ನೇ ನಂಬರ್ ಬಸ್ ಹೋಗುತ್ತದೆ. ಆದರೆ ಆಗುಂಬೆ ಘಾಟಿಯ ಹಾಗೆ ತಿರುವುಗಳು, ವಾಂತಿ ಆಗುವವರಾದರೆ ಹೋಗುವಾಗ ಬಸ್, ಬರುವಾಗ ಕೇಬಲ್ ಕಾರ್ ಮಾಡಿ.

ಟ್ರಾಮ್ ಮಾತ್ರ ತಪ್ಪಿಸಬೇಡಿ! ಮೂರು-ನಾಲ್ಕು ಡಾಲರ್‌ಗೆ ಹಾಂಗ್‌ಕಾಂಗ್ ದ್ವೀಪದ ಈ ತುದಿಯಿಂದ ಆ ತುದಿಗೆ ಹೋಗಬಹುದು. ಹಿಂದಿನಿಂದ ಹತ್ತಿ, ಇಳಿಯುವಾಗ ಮುಂದೆ ಕಾಸು ಕೊಡಬೇಕು. ಮೇಲಿನ ಮಹಡಿಯ ಮೆಟ್ಟಿಲು ಕಿರಿದು, ಮಗನನ್ನು ಮೇಲೆ ಕಳಿಸಿ ಅತ್ತೆ ಕೆಳಗೇ ಕೂರಲಿ. ಆ ದ್ವೀಪದ ಪೀಕ್ ಬೆಟ್ಟಕ್ಕೂ ಸೆಂಟ್ರಲ್ ಬಡಾವಣೆಯಿಂದ 15ನೇ ನಂಬರ್ ಬಸ್ ಹಿಡಿಯಿರಿ. ಮೇಲೆ ಟಿಕೆಟ್ ತೆಗೆದುಕೊಂಡು ವೀಕ್ಷಣಾ ಟೆರೇಸ್ ಹತ್ತುವ ಬದಲು ಲುಗಾರ್ಡ್ ರಸ್ತೆಯಲ್ಲಿ ನಿಧಾನವಾಗಿ ನಡೆಯಿರಿ. ಸಮತಟ್ಟಾದ ದಾರಿ, ಇಡೀ ಬಂದರು ಕಾಣುತ್ತದೆ.

ತುಂಗಾತೀರ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಠದ ಊಟದ ವಿಷಯ ಓದಿ ಹೇಳಿದೆ, ಅತ್ತೆ ಈಗಲೇ ಚಟ್ನಿಪುಡಿ ಲೆಕ್ಕ ಹಾಕುತ್ತಿದ್ದಾರೆ. ನವೆಂಬರ್‌ಗೇ ಹಾಕುತ್ತೇವೆ, ಶಾಲೆಯಲ್ಲಿ ಕೇಳಿಕೊಳ್ಳುತ್ತೇನೆ. ನಾಳೆ ನೋಂದಣಿ ಮಾಡಬೇಕು. ಅತ್ತೆಯ ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇದೆ. ಹಾಗೆ ಇದ್ದವರು ಯಾರಾದರೂ ನೋಂದಣಿ ಮಾಡಿದ್ದೀರಾ?