ಕ್ಯಾಲ್ಸಿಯಂ ಅರ್ಧಕ್ಕಿಳಿಸಿದರೆ ಸಿನಾಪ್ಸ್‌ನ ಸಂಕೇತ ಅರ್ಧಕ್ಕೇ ಯಾಕೆ ನಿಲ್ಲುವುದಿಲ್ಲ?

ಸ್ಲೈಸ್‌ಮೇಜು (ಪ್ರಶ್ನೆ)

ಇಲಿಯ ಮಿದುಳುಕಾಂಡದ ಸ್ಲೈಸ್, ಕ್ಯಾಲಿಕ್ಸ್ ಆಫ್ ಹೆಲ್ಡ್ ಸಿನಾಪ್ಸ್ (ಒಂದು ನರಕೋಶ ಇನ್ನೊಂದಕ್ಕೆ ಸಂಕೇತ ದಾಟಿಸುವ, ಗಾತ್ರದಲ್ಲಿ ಬಹಳ ದೊಡ್ಡದಾದ ಸಂಧಿ). ಹೊರದ್ರಾವಣದ ಕ್ಯಾಲ್ಸಿಯಂ ಅನ್ನು 2 ಮಿಲಿಮೋಲಾರ್‌ನಿಂದ 1ಕ್ಕೆ, ಅಲ್ಲಿಂದ 0.5ಕ್ಕೆ ಇಳಿಸಿದಾಗ ಇಪಿಎಸ್‌ಸಿ (ಸಂಕೇತ ಪಡೆಯುವ ನರಕೋಶದಲ್ಲಿ ಹುಟ್ಟುವ ಕರೆಂಟ್) ಅರ್ಧಕ್ಕಿಂತ ಬಹಳ ಕೆಳಗೆ ಕುಸಿಯುತ್ತದೆ. ಎರಡನೇ ಹೆಜ್ಜೆಯಲ್ಲಿ ಇನ್ನೂ ಜೋರು. ನರತುದಿಯೊಳಗೆ ನುಗ್ಗುವ ಕ್ಯಾಲ್ಸಿಯಂ ಕರೆಂಟ್ ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೇ ಇಳಿಯುತ್ತದೆ. ಯಾಕೆ?

ಇನ್ನೆರಡು ಸಂದೇಹ. ನರತುದಿಗೆ ಜೋಡಿಸಿದ ಪಿಪೆಟ್‌ನಲ್ಲಿ 10 ಮಿಲಿಮೋಲಾರ್ ಇಜಿಟಿಎ (ಕ್ಯಾಲ್ಸಿಯಂ ಹಿಡಿದಿಡುವ ರಾಸಾಯನಿಕ, ಅಂದರೆ ಬಫರ್) ಇದ್ದರೂ ಸಂಕೇತದ ದೊಡ್ಡ ಪಾಲು ಉಳಿಯುತ್ತದೆ. ಇಂಥದೇ ಇನ್ನೊಂದು ಬಫರ್ ಬಾಪ್ಟಾ 1 ಮಿಲಿಮೋಲಾರ್ ಇದ್ದರೆ ಅದಕ್ಕಿಂತ ಹೆಚ್ಚು ಬೀಳುತ್ತದೆ. ಕ್ಯಾಲ್ಸಿಯಂ ಹಿಡಿದಿಡುವ ಬಲ ಎರಡಕ್ಕೂ ಹತ್ತಿರಹತ್ತಿರ ಒಂದೇ ಅಲ್ಲವೇ? ಹಾಗೆಯೇ, ಕ್ಯಾಲ್ಸಿಯಂ ಇಳಿಸುವಾಗ ಬರೀ ಕ್ಯಾಲ್ಸಿಯಂ ಕ್ಲೋರೈಡ್ ಕಡಿಮೆ ಹಾಕಿದರೆ ಸಾಕೇ?

ನಾಲ್ಕನೇಘಾತ (ಉತ್ತರ)

ಮೊದಲ ಪ್ರಶ್ನೆಗೆ. ಇದು ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಕಪ್ಪೆಯ ನರ-ಸ್ನಾಯು ಸಂಧಿಯಲ್ಲಿ ಡಾಡ್ಜ್ ಮತ್ತು ರಹಮಿಮಾಫ್ 1967ರಲ್ಲೇ ಅಳೆದು ತೋರಿಸಿದ್ದು: ಕ್ಯಾಲ್ಸಿಯಂ ಕಡಿಮೆ ಇರುವ ವ್ಯಾಪ್ತಿಯಲ್ಲಿ ಬಿಡುಗಡೆಯ (ನರತುದಿ ಹೊರಸೂಸುವ ಸಂದೇಶವಾಹಕ ರಾಸಾಯನಿಕದ) ಪ್ರಮಾಣ ಕ್ಯಾಲ್ಸಿಯಂನ ಸುಮಾರು ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ಅರ್ಧಕ್ಕಿಳಿಸಿದರೆ ಹದಿನಾರನೇ ಒಂದು ಪಾಲು. 2 ಮಿಲಿಮೋಲಾರ್ ಹತ್ತಿರ ವೆಸಿಕಲ್‌ಗಳ (ಆ ರಾಸಾಯನಿಕ ತುಂಬಿದ ಪುಟ್ಟ ಚೀಲಗಳ) ಬಿಡುಗಡೆ ಮಿತಿ ಮುಟ್ಟತೊಡಗುವುದರಿಂದ ಗೆರೆ ಬಾಗುತ್ತದೆ. ನಿಮ್ಮ ಎರಡನೇ ಹೆಜ್ಜೆ ಮೊದಲನೆಯದಕ್ಕಿಂತ ಕಡಿದಾಗಿರುವುದು ಅದಕ್ಕೇ.

ಘಾತ ಬರುವುದು ಚಾನೆಲ್‌ನಿಂದಲ್ಲ (ಕ್ಯಾಲ್ಸಿಯಂ ಒಳಬರುವ ಪೊರೆಯ ದ್ವಾರ), ಅದರ ಮುಂದಿನ ಹಂತದಿಂದ. ವೆಸಿಕಲ್ ಮೇಲಿರುವ ಸಿನಾಪ್ಟೊಟ್ಯಾಗ್ಮಿನ್ ಪ್ರೋಟೀನಿನ ಸಿ2ಎ ಭಾಗ ಮೂರು, ಸಿ2ಬಿ ಭಾಗ ಎರಡು ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿಯುತ್ತದೆ. ಹಲವು ಅಯಾನುಗಳು ಒಟ್ಟಿಗೆ ಕೂತಾಗ ಮಾತ್ರ ಅದು ಪೊರೆಗೆ ಅಂಟಿಕೊಂಡು, ಅರ್ಧ ಹೆಣೆದು ನಿಂತಿರುವ ಸ್ನೇರ್ ಪ್ರೋಟೀನುಗಳಿಗೆ (ಸಿನಾಪ್ಟೊಬ್ರೆವಿನ್, ಸಿಂಟ್ಯಾಕ್ಸಿನ್, ಸ್ನ್ಯಾಪ್-25) ಪೊರೆ ಬೆಸೆಯಲು ದಾರಿ ಬಿಡುತ್ತದೆ. ನಾಲ್ಕು ಎಂಬ ಸಂಖ್ಯೆಯನ್ನು ಆ ಐದು ಜಾಗಗಳ ಮೇಲೆ ನೇರವಾಗಿ ಹೊಂದಿಸಲು ಹೋಗಬೇಡಿ. ಒಂದು ವೆಸಿಕಲ್ ಮೇಲೆ ಸಿನಾಪ್ಟೊಟ್ಯಾಗ್ಮಿನ್ ಅಣುಗಳೂ ಹಲವು.

ಕರೆಂಟ್ ಅಳೆಯುವವರು ಕಾಲದ ಒಂದು ವಿಷಯ ಮರೆಯಬಾರದು. ಆಕ್ಷನ್ ಪೊಟೆನ್ಷಿಯಲ್‌ನ (ನರದಲ್ಲಿ ಸಾಗುವ ವಿದ್ಯುತ್ ಮಿಡಿತದ) ತುದಿಯಲ್ಲಿ ಚಾನೆಲ್‌ಗಳು ತೆರೆದಿದ್ದರೂ ಕ್ಯಾಲ್ಸಿಯಂ ಅನ್ನು ಒಳಗೆಳೆಯುವ ಬಲ ಕಡಿಮೆ. ವೋಲ್ಟೇಜ್ ಕೆಳಗಿಳಿಯತೊಡಗಿದಾಗ, ಚಾನೆಲ್ ಇನ್ನೂ ಮುಚ್ಚಿರುವುದಿಲ್ಲ, ಬಲವೂ ಕೂಡಿಕೊಂಡಿರುತ್ತದೆ: ಒಳಹರಿವಿನ ಬಹುಪಾಲು ಆಗಲೇ. ಕಾಟ್ಜ್ ಮತ್ತು ಮಿಲೆಡಿ ಸ್ಕ್ವಿಡ್‌ನ ದೈತ್ಯ ಸಿನಾಪ್ಸ್‌ನಲ್ಲಿ ನರತುದಿಯನ್ನು ತೀರಾ ಧನಾತ್ಮಕ ವೋಲ್ಟೇಜ್‌ಗೆ ಏರಿಸಿ ಹಿಡಿದಾಗ ಬಿಡುಗಡೆಯೇ ಆಗಲಿಲ್ಲ. ಪಲ್ಸ್ ನಿಂತ ಕ್ಷಣ ಆಯಿತು. ಆಕ್ಷನ್ ಪೊಟೆನ್ಷಿಯಲ್ ತುಸು ಅಗಲವಾದರೂ ಸಂಕೇತ ಬಹಳ ಹಿಗ್ಗುವುದು ಇದರಿಂದಲೇ. ತಾಪಮಾನ ಬದಲಾದರೆ ಆ ಅಗಲವೂ ಬದಲಾಗುತ್ತದೆ. ಹಾಗಾಗಿ ಹೋಲಿಕೆಯ ನಡುವೆ ತಾಪಮಾನ ಎರಡು ಡಿಗ್ರಿ ಸರಿದರೂ ಅಂಕಿಗಳನ್ನು ನಂಬಬೇಡಿ.

ಪಿಪೆಟ್

ಎರಡನೆಯದು. ಹಿಡಿದಿಡುವ ಬಲ ಒಂದೇ, ಹಿಡಿಯುವ ವೇಗ ಬೇರೆ. ಪಿಎಚ್ 7.2ರಲ್ಲಿ ಇಜಿಟಿಎ ಪ್ರೋಟಾನ್ ಹೊತ್ತುಕೊಂಡಿರುತ್ತದೆ. ಅದನ್ನು ಇಳಿಸಿದ ಮೇಲಷ್ಟೇ ಕ್ಯಾಲ್ಸಿಯಂಗೆ ಜಾಗ. ಬಾಪ್ಟಾಗೆ ಆ ಹೊರೆಯಿಲ್ಲ, ಹತ್ತಾರು ಪಟ್ಟು ವೇಗ.

ಲೆಕ್ಕ ಹಾಕಿಯೇ ನೋಡಿ. ಬಿಡಿ ಕ್ಯಾಲ್ಸಿಯಂನ ವಿಸರಣ ಗುಣಾಂಕ ಸುಮಾರು 220 ಚದರ ಮೈಕ್ರೊಮೀಟರ್ ಪ್ರತಿ ಸೆಕೆಂಡಿಗೆ. ಅದನ್ನು ಬಫರ್‌ನ ವೇಗ ಮತ್ತು ಸಾಂದ್ರತೆಯ ಗುಣಲಬ್ಧದಿಂದ ಭಾಗಿಸಿ ವರ್ಗಮೂಲ ತೆಗೆದರೆ, ಸೆರೆ ಸಿಗುವ ಮುನ್ನ ಕ್ಯಾಲ್ಸಿಯಂ ಕ್ರಮಿಸುವ ಅಂದಾಜು ದೂರ ಸಿಗುತ್ತದೆ. 10 ಮಿಲಿಮೋಲಾರ್ ಇಜಿಟಿಎಯಲ್ಲಿ 50 ನ್ಯಾನೊಮೀಟರ್ ಆಸುಪಾಸು, 1 ಮಿಲಿಮೋಲಾರ್ ಬಾಪ್ಟಾದಲ್ಲಿ 25ರೊಳಗೆ, 10 ಮಿಲಿಮೋಲಾರ್ ಬಾಪ್ಟಾದಲ್ಲಿ ಹತ್ತೂ ಇಲ್ಲ. ಇಜಿಟಿಎ ಹಾಕಿದ ಮೇಲೂ ಉಳಿದ ಸಂಕೇತ, ಚಾನೆಲ್‌ನ ಪಕ್ಕದಲ್ಲೇ, ಕೆಲವೇ ಹತ್ತು ನ್ಯಾನೊಮೀಟರ್ ದೂರದಲ್ಲಿ ಕಟ್ಟಿಹಾಕಿದ ವೆಸಿಕಲ್‌ಗಳದ್ದು. ಸುಮ್ಮನಿರುವಾಗ ನರತುದಿಯೊಳಗೆ 100 ನ್ಯಾನೊಮೋಲಾರ್ ಆಸುಪಾಸು ಇರುವ ಕ್ಯಾಲ್ಸಿಯಂ, ತೆರೆದ ಚಾನೆಲ್‌ನ ಬಾಯಲ್ಲಿ ಹತ್ತಾರು ಮೈಕ್ರೊಮೋಲಾರ್ ಮುಟ್ಟಿ, ಚಾನೆಲ್ ಮುಚ್ಚಿದೊಡನೆ ಕರಗಿಹೋಗುತ್ತದೆ. ಆ ಕಿರಿದಾದ ಜಾಗದಲ್ಲಿ ವೆಸಿಕಲ್ ಇರಬೇಕು; ರಿಮ್ ಮತ್ತು ರಿಮ್-ಬಿಪಿ ಎಂಬ ಪ್ರೋಟೀನುಗಳ ಕೆಲಸವೇ ಚಾನೆಲ್ ಮತ್ತು ವೆಸಿಕಲ್ ಎರಡನ್ನೂ ಒಂದೆಡೆ ಕೂರಿಸುವುದು.

ಎಡವುವ ಜಾಗ ಎರಡು. ಇಜಿಟಿಎ ಕ್ಷಾರದಲ್ಲಷ್ಟೇ ಸರಿಯಾಗಿ ಕರಗುತ್ತದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಿಂದ ಕರಗಿಸಿ ಆಮೇಲೆ ಪಿಎಚ್ ಮತ್ತು ಆಸ್ಮೊಲಾರಿಟಿ (ಕರಗಿದ ಕಣಗಳ ಒಟ್ಟು ಸಾಂದ್ರತೆ) ಎರಡನ್ನೂ ಮತ್ತೆ ಸರಿಪಡಿಸಿ. ಮತ್ತೆ, ಪಿಪೆಟ್‌ನಿಂದ ನರತುದಿಯ ಪೊರೆ ಒಡೆದ ತಕ್ಷಣದ ದಾಖಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಬಫರ್ ನರತುದಿ ತುಂಬುವವರೆಗೆ ಕಾಯಿರಿ.

ಸ್ಲೈಸ್‌ಮೇಜು

ಸ್ಪಷ್ಟವಾಯಿತು. ಹಾಗಾದರೆ ಮರಿಯ ಮತ್ತು ಬೆಳೆದ ಇಲಿಯ ಸ್ಲೈಸ್‌ಗಳನ್ನು ಒಂದೇ ಗುಂಪಿಗೆ ಸೇರಿಸಬಹುದೇ?

ಪಿಪೆಟ್

ಖಂಡಿತ ಬೇಡ. ಮರಿಯಲ್ಲಿ ಪಿ/ಕ್ಯೂ, ಎನ್, ಆರ್ ಎಂಬ ಮೂರೂ ಬಗೆಯ ಕ್ಯಾಲ್ಸಿಯಂ ಚಾನೆಲ್‌ಗಳು ಪಾಲು ಹಂಚಿಕೊಂಡಿರುತ್ತವೆ, ವೆಸಿಕಲ್‌ನಿಂದ ದೂರವೂ ಹೆಚ್ಚು. ಬೆಳೆದಂತೆ ಪಿ/ಕ್ಯೂ ಒಂದೇ ಮುಖ್ಯವಾಗಿ ಉಳಿಯುತ್ತದೆ, ಅಂತರ ಕುಗ್ಗುತ್ತದೆ, ಇಜಿಟಿಎ ಪರಿಣಾಮವೂ ತಗ್ಗುತ್ತದೆ. ವಯಸ್ಸು ಬೆರೆಸಿದರೆ ನೀವು ಅಳೆಯುವುದು ದೂರವನ್ನಲ್ಲ, ಬೆಳವಣಿಗೆಯನ್ನು. ಯಾವ ಬಗೆ ಎಷ್ಟಿದೆ ಎಂದು ಬೇರ್ಪಡಿಸಲು ಆಯಾ ಬಗೆಯನ್ನು ತಡೆಯುವ ವಿಷಗಳಿವೆ: ಪಿ/ಕ್ಯೂಗೆ ಒಮೆಗಾ-ಅಗಾಟಾಕ್ಸಿನ್ 4ಎ, ಎನ್‌ಗೆ ಒಮೆಗಾ-ಕೊನೊಟಾಕ್ಸಿನ್ ಜಿವಿಐಎ. ಇವು ಪ್ಲಾಸ್ಟಿಕ್ ಕೊಳವೆಗೆ ಅಂಟಿಕೊಳ್ಳುವ ಪೆಪ್ಟೈಡ್‌ಗಳು, ದ್ರಾವಣಕ್ಕೆ ಮಿ.ಲೀ.ಗೆ 0.1 ಮಿ.ಗ್ರಾಂ ಸೈಟೊಕ್ರೋಮ್ ಸಿ ಬೆರೆಸಿ. ಕೊನೊಟಾಕ್ಸಿನ್ ತೊಳೆದರೆ ಹೋಗುವುದಿಲ್ಲ, ಒಂದು ಸ್ಲೈಸ್‌ಗೆ ಒಂದೇ ಅವಕಾಶ.

ಉಪ್ಪುನೀರು

ಮೂರನೆಯದಕ್ಕೆ: ಸಾಲದು. ಕ್ಯಾಲ್ಸಿಯಂ ಮಾತ್ರ ತೆಗೆದರೆ ಪೊರೆಯ ಮೇಲಿನ ಋಣ ಆವೇಶದ ಮರೆ ಕಡಿಮೆಯಾಗಿ ಆಕ್ಸಾನ್ ಸುಮ್ಮಸುಮ್ಮನೆ ಸಿಡಿಯತೊಡಗುತ್ತದೆ. ತೆಗೆದಷ್ಟನ್ನು ಮೆಗ್ನೀಸಿಯಂನಿಂದ ತುಂಬುವುದು ರೂಢಿ: ಕ್ಯಾಲ್ಸಿಯಂ+ಮೆಗ್ನೀಸಿಯಂ 2+1 ಇದ್ದದ್ದು 1+2, ಮತ್ತೆ 0.5+2.5. ಆದರೆ ಮೆಗ್ನೀಸಿಯಂ ತಾನೂ ಬಿಡುಗಡೆಗೆ ಅಡ್ಡಗಾಲು ಹಾಕುತ್ತದೆ. ಘಾತ ಎಷ್ಟೆಂದು ಲೆಕ್ಕ ಹಾಕುವುದೇ ಉದ್ದೇಶವಾದರೆ ಇಡೀ ಸರಣಿಗೆ ಮೆಗ್ನೀಸಿಯಂ ಒಂದೇ ಮಟ್ಟದಲ್ಲಿ ಇಟ್ಟು ಕ್ಯಾಲ್ಸಿಯಂ ಮಾತ್ರ ಬದಲಿಸಿ.

ತೂಗುವಾಗಿನ ತಪ್ಪು ಇನ್ನೂ ದೊಡ್ಡದು. ಕ್ಯಾಲ್ಸಿಯಂ ಕ್ಲೋರೈಡ್‌ನ 100 ಮಿ.ಲೀ. 1 ಮೋಲಾರ್ ದ್ರಾವಣಕ್ಕೆ ಡೈಹೈಡ್ರೇಟ್ (ನೀರಿನ ಅಣು ಸೇರಿದ ರೂಪ) ಆದರೆ 14.7 ಗ್ರಾಂ, ನೀರಿಲ್ಲದ್ದಾದರೆ 11.1. ಡಬ್ಬಿ ನೋಡದೆ ನೀರಿಲ್ಲದ್ದನ್ನೇ 14.7 ಹಾಕಿದರೆ ಸಾಂದ್ರತೆ 1.32 ಪಟ್ಟು, ನಾಲ್ಕನೇ ಘಾತದಲ್ಲಿ ಅದು ಮೂರು ಪಟ್ಟು. ಆಸ್ಮೊಮೀಟರ್ ಇದನ್ನು ಹಿಡಿಯುವುದಿಲ್ಲ, ವ್ಯತ್ಯಾಸ ಬರೀ ಎರಡು ಮಿಲಿಆಸ್ಮೋಲ್. ಬೈಕಾರ್ಬನೇಟ್ ದ್ರಾವಣಕ್ಕೆ 95:5 ಆಕ್ಸಿಜನ್-ಇಂಗಾಲದ ಡೈಆಕ್ಸೈಡ್ ಅನಿಲವನ್ನು 15-20 ನಿಮಿಷ ಹಾಯಿಸಿ, ಕ್ಯಾಲ್ಸಿಯಂ ಅನ್ನು ಕೊನೆಗೆ ಹನಿಹನಿಯಾಗಿ ಸೇರಿಸಿ. ಮೊದಲೇ ಸುರಿದರೆ ಹಾಲಿನಂತಾಗುತ್ತದೆ. ಹಾಗಾದ ದ್ರಾವಣ ಚೆಲ್ಲಿಬಿಡಿ, ಸೋಸಿ ಬಳಸಬೇಡಿ. ಎಲ್ಲ ಚಾನೆಲ್ ಮುಚ್ಚಲು ಕ್ಯಾಡ್ಮಿಯಂ ಹಾಕುವುದಾದರೆ ಫಾಸ್ಫೇಟ್ ಇಲ್ಲದ ಹೆಪೆಸ್ (ಪಿಎಚ್ ಕಾಯುವ ರಾಸಾಯನಿಕ) ದ್ರಾವಣವೇ ಬೇಕು.

ಇಎಂಜಿ ಕೊಠಡಿ

ಇದೇ ಲೆಕ್ಕ ರೋಗಿಯ ಕೈಯಲ್ಲೂ ಕಾಣುತ್ತದೆ. ಲ್ಯಾಂಬರ್ಟ್-ಈಟನ್ ಎಂಬ ಸ್ನಾಯು ಬಲಗುಂದಿಸುವ ರೋಗದಲ್ಲಿ ಪ್ರತಿಕಾಯಗಳು ನರತುದಿಯ ಪಿ/ಕ್ಯೂ ಚಾನೆಲ್‌ಗಳ ಸಂಖ್ಯೆ ತಗ್ಗಿಸುತ್ತವೆ. ಮೊದಲ ಸ್ನಾಯು ಸಂಕೇತವೇ ಚಿಕ್ಕದು, 2-3 ಹರ್ಟ್ಸ್ ಪ್ರಚೋದನೆಗೆ ಇನ್ನೂ ಕುಗ್ಗುತ್ತದೆ. ಆದರೆ 10 ಸೆಕೆಂಡ್ ಪೂರ್ಣ ಬಲದಿಂದ ಸ್ನಾಯು ಬಿಗಿಸಿದ ತಕ್ಷಣ ಉಳಿಕೆ ಕ್ಯಾಲ್ಸಿಯಂ ಸೇರಿಕೊಂಡು ಇಮ್ಮಡಿಗೂ ಮೀರಬಹುದು. ಇದರ ಔಷಧ 3,4-ಡೈಅಮಿನೊಪಿರಿಡಿನ್ ಪೊಟ್ಯಾಸಿಯಂ ಚಾನೆಲ್ ತಡೆದು ಆಕ್ಷನ್ ಪೊಟೆನ್ಷಿಯಲ್ ಅಗಲಿಸಿ ಕೆಲಸ ಮಾಡುವುದು, ಮೇಲೆ ಹೇಳಿದ ಇಳಿಹಾದಿಯ ಕರೆಂಟ್ ಅನ್ನು ಹಿಗ್ಗಿಸಿಯೇ.

ಇಂಥ ರೋಗಿಗೆ ಮೆಗ್ನೀಸಿಯಂ ಸಲ್ಫೇಟ್ ರಕ್ತನಾಳಕ್ಕೆ ಕೊಟ್ಟರೆ ಉಸಿರೇ ನಿಲ್ಲಬಹುದು. ಇಎಂಜಿ ಪರೀಕ್ಷೆಯಲ್ಲಿ (ಸ್ನಾಯುವಿನ ವಿದ್ಯುತ್ ಸಂಕೇತ ಅಳೆಯುವಾಗ) ಸಾಮಾನ್ಯ ತಪ್ಪು ಎರಡು: ಕೈ ತಣ್ಣಗಿರುವುದು (32 ಡಿಗ್ರಿಗಿಂತ ಕೆಳಗಿದ್ದರೆ ಬೆಚ್ಚಗೆ ಮಾಡಿ), ಮತ್ತು ಬಿಗಿಸುವುದನ್ನು 30 ಸೆಕೆಂಡ್‌ಗೆ ಎಳೆಯುವುದು. ಅಷ್ಟು ಹೊತ್ತಿಗೆ ವೆಸಿಕಲ್ ದಾಸ್ತಾನು ಕರಗತೊಡಗಿ ಏರಿಕೆ ಕಡಿಮೆ ಕಾಣುತ್ತದೆ, ರೋಗ ಕೈತಪ್ಪುತ್ತದೆ.